ಹಳೇ ಬೋರ್ಡು ಬಿಸಾಡಬೇಡ

ಚಿ. ಪ್ರಣವನಿಗೆ ಮಾವನ ಆಶೀರ್ವಾದಗಳು.

ನಿನ್ನ ಹಳೇ ಕಂಪ್ಯೂಟರಿನಲ್ಲಿ ಆಟ ಕುಂಟುತ್ತದೆ ಅಂತ ಕೇಳಿದ್ದಕ್ಕೆ ಅಂಗಡಿಯವನು ಮದರ್‌ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ ತೆಗೆಸಿ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮಿಗೆ ಹೋಗು ಅಂದನಂತೆ. ಕೇಳಬೇಡ. ನಿನ್ನ ₹25,000 ಅಲ್ಲಿಗೇ ಕರಗಿ, ಆಟ ಅದೇ 1050 ಟಿಐ ಗ್ರಾಫಿಕ್ಸ್ ಕಾರ್ಡಿನ ಮೇಲೆ ಕುಂಟುತ್ತಾ ಇರುತ್ತದೆ. ನಿನ್ನ ಬಿ450 ಬೋರ್ಡಿನದು ಎಎಂ4 ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಗೂಡು. 2018ರ ರೈಜೆನ್ 5 2600 ಪ್ರೊಸೆಸರ್ ಕೂತಿರುವ ಜಾಗದಲ್ಲೇ 2022ರ 5600 ಕೂರುತ್ತದೆ.

ಕೊಳ್ಳುವ ಮೊದಲು ಅಡ್ಡಿ ಎಲ್ಲಿದೆ ನೋಡು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಬಳಕೆ ತೋರಿಸುವ ಸಾಫ್ಟ್‌ವೇರ್ ಹಾಕಿ, ಆಟದ ವೇಗವನ್ನು ಮಾನಿಟರಿಗೆ ಕಟ್ಟಿಹಾಕುವ ವಿ-ಸಿಂಕ್ ಆಫ್ ಮಾಡಿ ಅರ್ಧ ಗಂಟೆ ಆಡು. ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್ಪಿನ ಬಳಕೆ ಶೇ. 97-99 ಅಂತ ನಿಂತಿದ್ದರೆ ಕಾರ್ಡೇ ಸೋತಿದೆ. 60ರ ಆಸುಪಾಸಿದ್ದು, ರೆಸಲ್ಯೂಷನ್ 720ಪಿಗೆ ಇಳಿಸಿದರೂ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಎಣಿಕೆ) ಏರದಿದ್ದರೆ ತಡೆ ಪ್ರೊಸೆಸರಿನದೋ ರ‍್ಯಾಮಿನದೋ.

ನಿನ್ನದರಲ್ಲಿ 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ ಇದೆ. ರೈಜೆನ್‌ಗೆ ಅದು ಒಂಟಿ ಎತ್ತಿನ ಗಾಡಿ. ಅದೇ ವೇಗದ ಇನ್ನೊಂದು ತಂದು, ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕು. ಆಮೇಲೆ ಬಯಾಸ್‌ಗೆ (ಬೋರ್ಡಿನ ಮೂಲ ಸಾಫ್ಟ್‌ವೇರ್) ಹೋಗಿ ಕಡ್ಡಿಗೆ ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡು, ಇಲ್ಲವಾದರೆ 3200ರ ಕಡ್ಡಿ 2133ಕ್ಕೋ 2400ಕ್ಕೋ ಓಡುತ್ತಿರುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆಯಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕರೂ ತಗೋ. ತಂದ ರಾತ್ರಿಯೇ ಕಡ್ಡಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸು, ಒಂದು ಕೆಂಪು ಸಾಲು ಬಂದರೂ ವಾಪಸ್ ಕೊಡು. ಹಾರ್ಡ್ ಡಿಸ್ಕ್ ಬದಲು ವಿಂಡೋಸ್‌ಗೆ 500 ಜಿಬಿಯ ಎನ್‌ವಿಎಂಇ (ಚಿಪ್ಪಿನ ವೇಗದ ಡಿಸ್ಕ್) ಹಾಕು, ಮೂರನೇ ತಲೆಮಾರಿನದಾದರೆ ಸಾಕು.

ಕಾರ್ಡಿನಲ್ಲಿ ಒಂದು ಮೋಸದ ಬಲೆ ಇದೆ. ಅಗ್ಗಕ್ಕೆ ಸಿಗುತ್ತದೆಂದು ಆರ್‌ಎಕ್ಸ್ 6500 ಎಕ್ಸ್‌ಟಿ ತರಬೇಡ. ಅದಕ್ಕಿರುವುದು ನಾಲ್ಕೇ ಪಿಸಿಐ ಲೇನು, ಅಂದರೆ ಬೋರ್ಡಿನ ಜೊತೆ ಮಾಹಿತಿ ಸಾಗುವ ದಾರಿ. ನಿನ್ನ ಬೋರ್ಡು ಹಳೇ, ನಿಧಾನದ ಪಿಸಿಐ 3.0 ಆದ್ದರಿಂದ ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸುತ್ತದೆ. ಆರ್‌ಎಕ್ಸ್ 6600ಕ್ಕೆ ಎಂಟು ಲೇನು, 8 ಜಿಬಿ. 1080ಪಿ, 60 ಹರ್ಟ್ಸ್ ಮಾನಿಟರಿಗೆ ಧಾರಾಳ. ಹಳೇ ಆರ್‌ಎಕ್ಸ್ 580 ತೋರಿಸಿದರೆ ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ತೆರೆದು ಶೇಡರ್ (ಚಿಪ್ಪಿನೊಳಗಿನ ಲೆಕ್ಕದ ಘಟಕ) ಎಣಿಕೆ ನೋಡು: 2304 ಇದ್ದರೆ ಅಸಲಿ 580, 2048 ಇದ್ದರೆ ಹೆಸರಷ್ಟೇ 580.

ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬಿಯ ವಿಷಯದಲ್ಲಿ ಜಿಪುಣತನ ಬೇಡ. ಕ್ಯಾಬಿನೆಟ್ ಜೊತೆ ಬಂದ ಡಬ್ಬಿಯ ಮೇಲೆ 450 ವ್ಯಾಟ್ ಅಂತ ದಪ್ಪಗೆ ಬರೆದಿರುತ್ತದೆ. ನೀನು ಓದಬೇಕಾದ್ದು ಕೆಳಗಿನ ಸಣ್ಣ ಕೋಷ್ಟಕ. +12 ವೋಲ್ಟ್ ಎದುರು 16 ಆಂಪಿಯರ್ ಇದ್ದರೆ ನಿಜಕ್ಕೂ ಸಿಗುವುದು 192 ವ್ಯಾಟ್. 6600 ಒಂದೇ 132 ಎಳೆಯುತ್ತದೆ, ಪ್ರೊಸೆಸರ್ 88ರವರೆಗೆ ಹೋಗುತ್ತದೆ. ಲೆಕ್ಕ ನೀನೇ ಹಾಕು. ನಿನ್ನ 1050 ಟಿಐಗೆ ಬೇರೆ ವೈರೇ ಬೇಕಿರಲಿಲ್ಲ, ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ. ಒಳ್ಳೆ ಕಂಪನಿಯ 550 ವ್ಯಾಟ್, ದಕ್ಷತೆಯ 80 ಪ್ಲಸ್ ಬ್ರಾಂಝ್ ಗುರುತು, 6+2 ಪಿನ್ನಿನ ಪಿಸಿಐ ವೈರ್ ಇರುವುದು ತಗೋ. ಹಳೇ ಮೊಲೆಕ್ಸ್ ಪ್ಲಗ್ಗಿನಿಂದ ಕಾರ್ಡಿಗೆ ಕನ್ವರ್ಟರ್ ಕೊಡುತ್ತೇನೆ ಅಂದರೆ ಬೇಡ ಅನ್ನು, ಕರಗುವುದು ಅಲ್ಲೇ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕುವಂಥದ್ದು) ಆದರೆ ಒಂದು ಎಸ್‌ಎಂಪಿಎಸ್‌ನ ಕೇಬಲನ್ನು ಇನ್ನೊಂದಕ್ಕೆ ಚುಚ್ಚಬೇಡ. ತಲೆ ಒಂದೇ ಥರ ಕಂಡರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, ಡಿಸ್ಕು ಸುಟ್ಟುಹೋಗುತ್ತದೆ.

ಇಷ್ಟಾದರೆ ದುಡ್ಡು ಬಹುಪಾಲು ಮುಗಿಯಿತು. 60 ಹರ್ಟ್ಸ್ ಮಾನಿಟರ್ ಇರುವತನಕ 2600 ಸಾಕು. ಬಣ್ಣದ ಫ್ಯಾನಿನ ಆಸೆಯೂ ಕಾಯಲಿ.

ಮುಂದೆ 5600 ತಂದಾಗ ಆತುರ ಬೇಡ. 2600 ಕೂತಿರುವಾಗಲೇ ಬಯಾಸ್ ಅಪ್‌ಡೇಟ್ ಆಗಬೇಕು, ಇಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ ಅಚ್ಚಾದ ರಿವಿಷನ್ ನಂಬರ್ ನೋಡಿ ಅದರದೇ ಫೈಲ್ ಇಳಿಸಿಕೋ, ನಡುವಿನ ಆವೃತ್ತಿ ಮೊದಲು ಹಾಕಬೇಕೆಂಬ ಸೂಚನೆ ಇದೆಯೇ ಓದು, ಪೆನ್ ಡ್ರೈವನ್ನು ಫ್ಯಾಟ್32 ಮಾದರಿಗೆ ಫಾರ್ಮ್ಯಾಟ್ ಮಾಡು. ಕರೆಂಟು ಹೋದರೆ ಬೋರ್ಡೇ ಹೋಯಿತು, ಆದ್ದರಿಂದ ಯುಪಿಎಸ್ ಇಲ್ಲದೆ ಕೈ ಹಾಕಬೇಡ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೋ. ಪ್ರೊಸೆಸರ್ ಬದಲಾದಾಗ ಅದು ಕೇಳಿಯೇ ಕೇಳುತ್ತದೆ.

ಪ್ರೊಸೆಸರಿನ ಮೇಲಿನ ಕೂಲರ್ ಎತ್ತುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಎರಡರ ನಡುವಿನ ವರ್ಷಗಟ್ಟಲೆಯ ಥರ್ಮಲ್ ಪೇಸ್ಟ್ ಗೋಂದಿನಂತೆ ಕಚ್ಚಿರುತ್ತದೆ. ನೇರ ಎಳೆದರೆ ಸಾಕೆಟ್ಟಿನ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಕಿತ್ತು ಬರುತ್ತದೆ, ಅದರ 1,331 ಪಿನ್ನುಗಳಲ್ಲಿ ಕೆಲವು ಬಾಗುತ್ತವೆ. ಮೊದಲು ಹದಿನೈದು ನಿಮಿಷ ಆಟ ಓಡಿಸಿ ಬಿಸಿ ಮಾಡು, ಆಫ್ ಮಾಡಿ ವೈರ್ ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿ, ಕೂಲರನ್ನು ಬಾಟಲಿ ಮುಚ್ಚಳದಂತೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚು. ಸಡಿಲವಾಯಿತು ಅನ್ನಿಸಿದ ಮೇಲೇ ಎತ್ತು. ಹೊಸದರ ಮೂಲೆಯ ಚಿನ್ನದ ತ್ರಿಕೋನ ಸಾಕೆಟ್ಟಿನ ಗುರುತಿಗೆ ಹೊಂದಿಸಿದರೆ ತಾನಾಗಿ ಇಳಿಯಬೇಕು. ಒತ್ತುವಂತಿದ್ದರೆ ಏನೋ ತಪ್ಪಿದೆ. ಪೇಸ್ಟ್ ಬಟಾಣಿ ಕಾಳಿನಷ್ಟು.

1050 ಟಿಐಯನ್ನು ಈಗಲೇ ಮಾರಬೇಡ. ಹೊಸ ಕಾರ್ಡು ಒಂದು ವಾರ ಸರಿಯಾಗಿ ಓಡಲಿ. ಡಿಡಿಯು ಎಂಬ ಡ್ರೈವರ್ ಅಳಿಸುವ ಸಾಫ್ಟ್‌ವೇರ್ ಹಾಕಿ ಎನ್‌ವಿಡಿಯಾ ಡ್ರೈವರ್ ಅಳಿಸುವುದನ್ನು ಮರೆಯಬೇಡ. ಎಸ್‌ಎಂಪಿಎಸ್ ಕೊಳ್ಳುವ ಮೊದಲು ಆ ಕೋಷ್ಟಕದ ಸ್ಟಿಕ್ಕರಿನ ಫೋಟೋ ಕಳಿಸು.

ಇತಿ,
ನಿನ್ನ ಸೋದರಮಾವ