ಆಂಬ್ಯುಲೆನ್ಸ್ ಕರೆಯೋಕೂ ಹೆದರೋ ಮಕ್ಕಳು

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಕೊನೆ ಹೊತ್ತಿಗೆ ಇಲ್ಲಿ ಆಸ್ಟ್ರೇಲಿಯಾದಲ್ಲಿ ಯೂನಿವರ್ಸಿಟಿಗಳು ಶುರು, ಅದಕ್ಕೂ ಮುಂಚೆನೇ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪಲ್ಲಿ ಊರಿಂದ ಹೊಸದಾಗಿ ಓದೋಕೆ ಬರೋ ಮಕ್ಕಳಿಗೆ "ರೂಮ್ ಇದ್ರೆ ಹೇಳಿ" ಮೆಸೇಜುಗಳ ಸುರಿಮಳೆ. ರೂಮ್ ಹುಡುಕಿ ಕೊಡೋದ್ರಲ್ಲಿ ನಮ್ಮವ್ರು ಎತ್ತಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೀ ಕೈಗೆ ಕೊಟ್ಟ ಮೇಲೆ ಆ ಹುಡುಗ ಏನಾದ, ಆ ಹುಡುಗಿ ಹೇಗಿದಾಳೆ ಅಂತ ಮತ್ತೆ ವಿಚಾರಿಸೋರು ಕಮ್ಮಿ.

ಹೋದ ವರ್ಷ ನಡೆದದ್ದು ಕೇಳಿ. ನಡುರಾತ್ರಿ ಒಬ್ಬ ಹುಡುಗ ಹೊಟ್ಟೆನೋವು ತಡೆಯೋಕಾಗ್ದೆ ಕಾರ್ಪೆಟ್ ಮೇಲೆ ಮುದುರಿಕೊಂಡು ಬಿದ್ದಿದಾನೆ, ಪಕ್ಕದಲ್ಲಿ ರೂಮ್‌ಮೇಟುಗಳು ಫೋನ್ ಹಿಡ್ಕೊಂಡು ಆಂಬ್ಯುಲೆನ್ಸ್ ಚಾರ್ಜ್ ಎಷ್ಟು ಅಂತ ಸರ್ಚ್ ಮಾಡ್ತಿದಾರೆ, ಸಾವಿರ ಡಾಲರ್ ಮೇಲೆ ಅಂತ ಕಂಡಿದ್ದೇ ತಡ ಬೆಳಗಾಗ್ಲಿ ನೋಡೋಣ ಅಂತ ಸುಮ್ಮನಾದ್ರು. ಬೆಳಗಾಗೋ ಹೊತ್ತಿಗೆ ಅಪೆಂಡಿಕ್ಸ್ ಒಡೆದಿತ್ತು. ಹುಡುಗ ಈಗ ಆರಾಮಾಗಿದಾನೆ, ದೇವರು ದೊಡ್ಡವನು, ಆದ್ರೆ ಸ್ಟೂಡೆಂಟ್ ವೀಸಾಗೆ ಕಡ್ಡಾಯವಾಗಿ ತಗೊಳ್ಳೋ ಆರೋಗ್ಯ ವಿಮೆ, ಅಂದ್ರೆ ಓಎಸ್‌ಎಚ್‌ಸಿ ಇನ್ಶೂರೆನ್ಸಲ್ಲೇ ಎಮರ್ಜೆನ್ಸಿ ಆಂಬ್ಯುಲೆನ್ಸ್ ಕವರ್ ಆಗುತ್ತೆ ಅಂತ ಆ ಮನೇಲಿ ಒಬ್ಬರಿಗೂ ಗೊತ್ತಿರ್ಲಿಲ್ಲ. ದುಡ್ಡು ಕಟ್ಟಿರ್ತಾರೆ, ಪಿಡಿಎಫ್ ಇಮೇಲಲ್ಲಿ ಬಿದ್ದಿರುತ್ತೆ, ಓದಿರಲ್ಲ. ಹಲ್ಲು, ಕನ್ನಡಕದ ಖರ್ಚು ಸಾಮಾನ್ಯವಾಗಿ ಅದರಲ್ಲಿ ಬರಲ್ಲ, ಅದು ಬೇರೆ ಮಾತು. ಜೀವಕ್ಕೆ ಅಪಾಯ ಅನ್ಸಿದ್ರೆ ಇಲ್ಲಿನ ಎಮರ್ಜೆನ್ಸಿ ನಂಬರ್ 000ಗೆ ಫೋನ್ ಮಾಡೋದಷ್ಟೇ, ಲೆಕ್ಕಾಚಾರ ಆಮೇಲೆ.

ಬಿಲ್ಲಿನ ಭಯ ಒಂದು ಕಡೆ ಆದ್ರೆ ವೀಸಾ ಭಯ ಇನ್ನೊಂದು ಕಡೆ, ಅದಂತೂ ಮೂಳೆಗೆ ಇಳಿದುಬಿಟ್ಟಿದೆ. ಕೆಲಸದ ವಿಷ್ಯನೇ ತಗೊಳ್ಳಿ. 2023ರ ಜುಲೈ 1ರಿಂದ ಕ್ಲಾಸ್ ನಡೀತಿರೋವಾಗ ಎರಡು ವಾರಕ್ಕೆ 48 ಗಂಟೆವರೆಗೆ ಕೆಲಸ ಮಾಡಬಹುದು, ರಜೆಯಲ್ಲಿ ಮಿತಿ ಇಲ್ಲ. ಮಾಲೀಕ ಮೊದಲು ಕಮ್ಮಿ ಸಂಬಳಕ್ಕೆ ಕ್ಯಾಶ್ ಕೊಡ್ತಾನೆ, ಪೇಸ್ಲಿಪ್ ಇಲ್ಲ, ಆಮೇಲೆ ಆ ಮಿತಿ ಮೀರಿ ಪಾಪ ಪರೀಕ್ಷೆ ಟೈಮಲ್ಲೂ ಶಿಫ್ಟ್ ಹಾಕ್ತಾನೆ, ಬರಲ್ಲ ಅಂದ್ರೆ "ಇಮಿಗ್ರೇಷನ್‌ಗೆ ಹೇಳ್ತೀನಿ ನೋಡು" ಅಂತಾನೆ. ಹಾಗೆ ವೀಸಾ ತೋರ್ಸಿ ಬೆದರಿಸಿ ದುಡಿಸ್ಕೊಳ್ಳೋದು 2024ರ ಜುಲೈಯಿಂದ ಕ್ರಿಮಿನಲ್ ಅಪರಾಧ. ಸ್ಟೂಡೆಂಟ್ ಆದ್ರೂ ಕನಿಷ್ಠ ವೇತನ, ಸೂಪರ್ (ಮಾಲೀಕ ಕಟ್ಟೋ ನಿವೃತ್ತಿ ದುಡ್ಡು) ಎಲ್ಲ ಬೇರೆಯವರಿಗೆ ಇರೋ ಹಾಗೇ ಇರುತ್ತೆ. ಕೆಲಸಗಾರರ ದೂರು ಕೇಳೋ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಆಂಬುಡ್ಸ್‌ಮನ್ ಹತ್ರ ಹೆಸರು ಹೇಳ್ದೆನೂ ಮಾಹಿತಿ ಕೊಡಬಹುದು. ಇನ್ನೊಂದು ಮಾತು, ಬೇಜಾರಾದ್ರೂ ಪರವಾಗಿಲ್ಲ: ಹೀಗೆ ದುಡಿಸ್ಕೊಳ್ಳೋರಲ್ಲಿ ನಮ್ಮವ್ರೂ ಇದಾರೆ. "ನಮ್ಮ ಹುಡುಗರಿಗೆ ಹೆಲ್ಪ್ ಮಾಡ್ತಿದೀವಿ" ಅಂತ ಬೇರೆ ಹೇಳ್ಕೋತಾರೆ.

ಮನಸ್ಸಿನ ವಿಷ್ಯಕ್ಕೆ ಬಂದ್ರೆ ಇನ್ನೂ ಕಷ್ಟ. ಒಂದು ಸಬ್ಜೆಕ್ಟ್ ಫೇಲ್ ಆಗುತ್ತೆ, ನಿದ್ದೆ ಬರಲ್ಲ, ಕ್ಲಾಸಿಗೆ ಹೋಗೋದು ಬಿಡ್ತಾರೆ, ಯೂನಿವರ್ಸಿಟಿ ಇಮೇಲ್ ತೆಗೆಯೋಕೇ ಭಯ, ಊರಿಂದ ವಿಡಿಯೋ ಕಾಲ್ ಬಂದ್ರೆ ಮಾತ್ರ ಶರ್ಟ್ ಹಾಕ್ಕೊಂಡು ಲೈಟ್ ಹಾಕಿ ನಗ್ತಾ ಕೂರ್ತಾರೆ, ಯಾಕಂದ್ರೆ ಅಪ್ಪ ಸಾಲ ಮಾಡಿದಾರೆ. ಹೇಳ್ದೆ ಕೇಳ್ದೆ ಕ್ಲಾಸ್ ಬಿಟ್ರೇನೇ ಎನ್‌ರೋಲ್‌ಮೆಂಟ್ ಹೋಗಿ ವೀಸಾಗೆ ಸಂಚಕಾರ ಬರೋದು. ಅದೇ ಡಾಕ್ಟರ್ ಲೆಟರ್ ಹಿಡ್ಕೊಂಡು ಮೊದಲೇ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಹೋದ್ರೆ, ಗಟ್ಟಿ ಕಾರಣ ಇದ್ದವರಿಗೆ ಕೋರ್ಸ್ ಸ್ವಲ್ಪ ದಿನ ನಿಲ್ಲಿಸೋಕೆ ನಿಯಮದಲ್ಲೇ ಅವಕಾಶ ಇದೆ, ವೀಸಾಗೆ ಏನಾಗುತ್ತೆ ಅಂತಾನೂ ವಿಚಾರಿಸಿಕೊಂಡೇ ಹೆಜ್ಜೆ ಇಡಬಹುದು. ಕೌನ್ಸೆಲಿಂಗ್ ಕ್ಯಾಂಪಸ್ಸಲ್ಲೇ ಸಿಗುತ್ತೆ. ರಾತ್ರಿ ಹೊತ್ತು ತಡೆಯೋಕೇ ಆಗ್ತಿಲ್ಲ ಅಂದ್ರೆ ಮನಸ್ಸಿನ ಕಷ್ಟ ಹೇಳ್ಕೊಳ್ಳೋ ಸಹಾಯವಾಣಿ ಲೈಫ್‌ಲೈನ್ 13 11 14. ಯೂನಿವರ್ಸಿಟಿಯೇ ಸರಿಯಾಗಿ ಸ್ಪಂದಿಸ್ಲಿಲ್ಲ ಅಂದ್ರೆ 2025ರ ಫೆಬ್ರವರಿಯಿಂದ ನ್ಯಾಷನಲ್ ಸ್ಟೂಡೆಂಟ್ ಆಂಬುಡ್ಸ್‌ಮನ್ ಅಂತ ಇದೆ, ದೂರು ಕೊಡೋಕೆ ಫೀಸ್ ಇಲ್ಲ.

ಮನೆ ಬದಲಾಯಿಸಿದ್ರೆ ಏಳು ದಿನದೊಳಗೆ ಯೂನಿವರ್ಸಿಟಿಗೆ ಹೊಸ ಅಡ್ರೆಸ್ ಕೊಡಬೇಕು, ಅದು ವೀಸಾ ಕಂಡಿಷನ್ನೇ. ಬೀಚಲ್ಲಿ ಲೈಫ್‌ಗಾರ್ಡ್ ಕಾಯೋ ಕೆಂಪು-ಹಳದಿ ಬಾವುಟದ ಮಧ್ಯೆ ಮಾತ್ರ ನೀರಿಗಿಳೀರಿ, ಈಜು ಬಂದ್ರೂ ಅಷ್ಟೇ, ಊರಿನ ಕೆರೆ ಬಾವೀಲಿ ಕಲಿತ ಈಜು ಸಮುದ್ರದೊಳಗೆ ಎಳ್ಕೊಂಡು ಹೋಗೋ ರಿಪ್ ಕರೆಂಟಿನ ಮುಂದೆ ನಡೆಯಲ್ಲ. "ನಿಮ್ಮ ವೀಸಾ ಫೈಲಲ್ಲಿ ಪ್ರಾಬ್ಲಮ್, ಈಗಲೇ ದುಡ್ಡು ಕಳಿಸಿ" ಅಂತ ಫೋನ್ ಬಂದ್ರೆ ಕಟ್ ಮಾಡಿ, ಯಾವ ಸರ್ಕಾರಾನೂ ಗಿಫ್ಟ್ ಕಾರ್ಡಲ್ಲಿ ದುಡ್ಡು ಕೇಳಲ್ಲ.

ಇಷ್ಟೆಲ್ಲ ಮಾಹಿತಿ ನೆಟ್ಟಲ್ಲಿ ಇದ್ದೇ ಇದೆ, ಆದ್ರೂ ಮಕ್ಕಳು ನಮ್ಮ ಹತ್ರ ಯಾಕೆ ಬರಲ್ಲ ಅಂತ ಒಂದಿಬ್ಬರು ಸ್ಟೂಡೆಂಟ್ಸನ್ನೇ ಕೇಳ್ದೆ. ಬಂದ ಉತ್ತರ ನಮಗೆ ಹಿತವಾಗೋದಲ್ಲ. ಸಂಘದಲ್ಲಿ ಒಬ್ಬ ಆಂಟಿಗೆ ಹೇಳಿದ್ರೆ ಸಂಜೆಯೊಳಗೆ ಊರಲ್ಲಿ ಅಮ್ಮನಿಗೆ ಗೊತ್ತಾಗಿರುತ್ತಂತೆ. ಅಂಕಲ್‌ಗಳ ಹತ್ರ ಹೋದ್ರೆ "ನಾವು ಬಂದಾಗ ಏನಿತ್ತು, ನಾವು ಬದುಕ್ಲಿಲ್ವಾ" ಅನ್ನೋ ಭಾಷಣವಂತೆ. ಮತ್ತೆ ಕಾರ್ಯಕ್ರಮದ ದಿನ ಕುರ್ಚಿ ಜೋಡ್ಸೋಕೆ, ಮೈಕ್ ಹಿಡಿಯೋಕೆ ಮಾತ್ರ ನಿಮಗೆ ನಮ್ಮ ನೆನಪಾಗುತ್ತೆ ಅಂದ ಒಬ್ಬ. ಅವನು ಹೇಳಿದ್ರಲ್ಲಿ ಸುಳ್ಳೇನಿದೆ ಹೇಳಿ?

ಅದಕ್ಕೇ ಕಮಿಟಿ ಮುಂದೆ ಒಂದು ಸಣ್ಣ ಪ್ಲಾನ್ ಇಟ್ಟಿದೀನಿ. ಹೊಸದಾಗಿ ಬಂದ ಪ್ರತಿ ಸ್ಟೂಡೆಂಟ್‌ಗೆ ಒಂದು ಮನೆ ಅಂತ, ಊಟಕ್ಕೆ ಕರೆದು ಫೋಟೋ ತೆಗೆದು ಗ್ರೂಪಿಗೆ ಹಾಕೋದಲ್ಲ, ಎರಡು ವಾರಕ್ಕೊಂದು ಸಲ ಫೋನ್ ಮಾಡಿ ಸುಮ್ನೆ ಮಾತಾಡೋದು, ಅವ್ರು ಹೇಳಿದ್ದನ್ನ ಅವ್ರ ಒಪ್ಪಿಗೆ ಇಲ್ದೆ ಗಂಡ ಹೆಂಡತಿ ಮಧ್ಯೆನೂ ತರ್ದೆ ಇರೋದು. ಜೀವಕ್ಕೆ ಅಪಾಯ ಅನ್ಸಿದ್ರೆ ಮಾತ್ರ ಆ ನಿಯಮ ಮುರೀಬಹುದು. ಮಾರ್ಕ್ಸ್ ಎಷ್ಟು, ಪಿಆರ್ (ಇಲ್ಲೇ ಉಳಿಯೋ ಶಾಶ್ವತ ವೀಸಾ) ಯಾವಾಗ ಅನ್ನೋ ಪ್ರಶ್ನೆಗಳಿಗೆ ನಿಷೇಧ. ಹೆಸರು ಕೊಡೋರು ಈ ತಿಂಗಳೊಳಗೆ ಕಾರ್ಯದರ್ಶಿಗೆ ತಿಳಿಸಿ. ರಾತ್ರಿ ಎರಡು ಗಂಟೆಗೆ ಫೋನ್ ಬಂದ್ರೂ ಎತ್ತೋರು, ಕಾರ್ ಇರೋರು, ಮುಖ್ಯವಾಗಿ ಬಾಯಿ ಭದ್ರ ಇರೋರು ಬೇಕಾಗಿದಾರೆ.