ಭಾನುವಾರದ ಚರ್ಚೆ: ಬಿಯರ್ ಕಂಪನಿಗಳ ಒಡೆಯರು ಯಾರು?

ಗೆಳೆಯರೇ,

ಭಾನುವಾರ ಸಂಜೆ 5ಕ್ಕೆ ಎಂದಿನಂತೆ ರತ್ನಗಿರಿ ಬೋರೆ ಪಾರ್ಕಿನಲ್ಲಿ ಸೇರೋಣ. "ಕಿಂಗ್‌ಫಿಷರ್ ಈಗಲೂ ಮಲ್ಯ ಅವರದ್ದೇ" ಅನ್ನುವ ಫಾರ್ವರ್ಡ್ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೇ ಈ ವಿಷಯ.

ನಿಜ ಸಂಗತಿ ಬೇರೆ. ಕಿಂಗ್‌ಫಿಷರ್ ಬಿಯರ್ ಮಾಡುವ ಯುನೈಟೆಡ್ ಬ್ರೂವರೀಸ್ 1915ರಲ್ಲಿ ಶುರುವಾದ ಕಂಪನಿ. ಡಚ್ ಕಂಪನಿ ಹೈನೆಕೆನ್ 2008ರಲ್ಲಿ ಬ್ರಿಟನ್ನಿನ ಬಿಯರ್ ಕಂಪನಿ ಸ್ಕಾಟಿಷ್ ಅಂಡ್ ನ್ಯೂಕ್ಯಾಸಲ್ ಅನ್ನು ಕಾರ್ಲ್ಸ್‌ಬರ್ಗ್ ಜೊತೆ ಸೇರಿ ಕೊಂಡಾಗ, ಆ ಕಂಪನಿಗೆ ಯುನೈಟೆಡ್ ಬ್ರೂವರೀಸ್‌ನಲ್ಲಿದ್ದ ಪಾಲೂ ಹೈನೆಕೆನ್ ಕೈಗೆ ಬಂತು. ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿಕೊಂಡರು. 2021ರಲ್ಲಿ ಬ್ಯಾಂಕ್ ಸಾಲದ ವಸೂಲಿಗೆ ಮಲ್ಯರ ಷೇರುಗಳು ಮಾರಾಟವಾದವು. ಕೊಂಡದ್ದು ಹೈನೆಕೆನ್. ಪಾಲು ಶೇ 61.5ಕ್ಕೆ ಏರಿತು. ತೋಟ ಕೈ ಬದಲಾದರೂ ಗೇಟಿನ ಬೋರ್ಡು ಹಳೆಯದೇ ಇರುತ್ತದಲ್ಲ, ಹಾಗೆ.

ಬಡ್‌ವೈಸರ್, ನಾಕೌಟ್, ಹೇವರ್ಡ್ಸ್ ಬೇರೆ ಬೇರೆ ಅಂದುಕೊಂಡಿದ್ದೀರಾ? 2016ರಲ್ಲಿ ನಾಕೌಟ್, ಹೇವರ್ಡ್ಸ್ ಮಾಡುತ್ತಿದ್ದ ಎಸ್‌ಎಬಿ ಮಿಲ್ಲರ್ ಕಂಪನಿಯನ್ನು ಬಡ್‌ವೈಸರ್ ಒಡೆಯ ಎಬಿ ಇನ್‌ಬೆವ್ ನುಂಗಿದ ಮೇಲೆ ಮೂರೂ ಒಂದೇ ಮನೆಗೆ ಬಂದವು. 10,000 ಕೋಟಿ ಡಾಲರ್‌ಗೂ ಮೀರಿದ ವ್ಯವಹಾರ ಅದು!

ಆಟಗಾರರು ಕಡಿಮೆಯಾದರೆ ಒಳಗೊಳಗೇ ಸೇರಿ ಬೆಲೆ ಮಾತಾಡಿಕೊಳ್ಳುವುದು ಸುಲಭ ಅಲ್ವಾ? 2021ರಲ್ಲಿ, ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಎಂದು ನೋಡುವ ಸ್ಪರ್ಧಾ ಆಯೋಗ ಅದೇ ಕಾರಣಕ್ಕೆ ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್ ಇಂಡಿಯಾಗೆ ಸುಮಾರು 121 ಕೋಟಿ ರೂಪಾಯಿ ದಂಡ ಹಾಕಿತು. ಈ ಒಳ ಒಪ್ಪಂದದ ಬಗ್ಗೆ ಆಯೋಗದ ಮುಂದೆ ಮೊದಲು ಬಾಯಿ ಬಿಟ್ಟ ಎಬಿ ಇನ್‌ಬೆವ್‌ಗೆ ದಂಡವೇ ಇಲ್ಲ. ನನಗಂತೂ ಇದೇ ಮಜಾ ಅನ್ನಿಸಿದ ಭಾಗ. ಚರ್ಚೆಯಲ್ಲಿ ಇದಕ್ಕೇ ಹೆಚ್ಚು ಸಮಯ ಕೊಡೋಣ.

ಷೇರು ಟಿಪ್ಸ್, ಬಾಟಲಿ ಫೋಟೊ ಸುಮ್ನೆ ಹಾಕಬೇಡಿ. ಬರುವವರು ಶನಿವಾರದೊಳಗೆ ತಿಳಿಸಿ. ಮಳೆ ಬಂದರೆ ಜಾಗ ಬದಲಾಗುತ್ತದೆ, ಗುಂಪಿನಲ್ಲೇ ಹಾಕುತ್ತೇನೆ.