ಎರಡನೇ ಬೀಗ ತೆಗೆಸು

ಚಿತ್ರದುರ್ಗ

ಚಿ. ಅಳಿಯನಿಗೆ ಮಾವನ ಆಶೀರ್ವಾದಗಳು.

ದಾವಣಗೆರೆ ಎಪಿಎಂಸಿ ಯಾರ್ಡಿನ ನಿಮ್ಮ ಹಮಾಲರ ಸಂಘದಲ್ಲಿ ಕಾರ್ಯದರ್ಶಿ ಸ್ಥಾನ 9 ಓಟಿನಲ್ಲಿ ತಪ್ಪಿತು, ಚಂದಾ ಬಾಕಿ ಇದ್ದವರಿಂದ ಓಟು ಹಾಕಿಸಿದ್ದಾರೆ, ಅದಕ್ಕೆ ನಮ್ಮ ಹುಡುಗರು ಆಫೀಸಿಗೆ ಎರಡನೇ ಬೀಗ ಜಡಿದಿದ್ದಾರೆ ಅಂತ ಬರೆದಿದ್ದೀಯ. ಮೊದಲು ಆ ಬೀಗ ತೆಗೆಸು. ಅವರು ಠಾಣೆಗೆ ಹೋದರೆ ಅಲ್ಲಿ ಚಂದಾ ಬಾಕಿಯ ಮಾತು ಬರುವುದಿಲ್ಲ, ಬೀಗದ ಮಾತೇ ಆಗುತ್ತದೆ. ನಿನಗೆ ಬೇಕಾದ ದಾಖಲೆಯೆಲ್ಲ ಆ ಬಾಗಿಲೊಳಗೇ ಇದೆ ಬೇರೆ. ನಾಳೆ ಒಂದು ಹಾಳೆ ಕಾಣೆಯಾದರೆ ಹರಿದವರು ನೀವೇ ಎನ್ನುತ್ತಾರೆ.

ಬೀಗ ತೆಗೆಯುವಾಗ ಎರಡೂ ಕಡೆಯ ಇಬ್ಬಿಬ್ಬರು ಇರಲಿ. ಸದಸ್ಯರ ರಿಜಿಸ್ಟರ್, ರಸೀದಿ ಪುಸ್ತಕಗಳ ಕೌಂಟರ್‌ಫಾಯಿಲ್, ನಡಾವಳಿ ಪುಸ್ತಕ, ಕ್ಯಾಶ್ ಬುಕ್, ಪಾಸ್‌ಬುಕ್ ಇವನ್ನು ಒಂದೊಂದಾಗಿ ಪಟ್ಟಿ ಮಾಡಿ, ಬರವಣಿಗೆ ನಿಂತ ಕಡೆ ಗೆರೆ ಎಳೆದು ನಾಲ್ವರೂ ಸಹಿ ಹಾಕಿ. ಪ್ರತಿ ಪುಟದ ಫೋಟೋ ಇಬ್ಬರ ಫೋನಿನಲ್ಲೂ ಇರಲಿ. ಮತಪತ್ರದ ಚೀಲ ಮಾತ್ರ ಬಿಚ್ಚಕೂಡದು. ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ಚುನಾವಣಾಧಿಕಾರಿಯ ವಶಕ್ಕೆ ಕೊಟ್ಟು ಬರಹದಲ್ಲಿ ರಸೀದಿ ತೆಗೆದುಕೊ. ಬಿಚ್ಚಿದ ಚೀಲವನ್ನು ಆಮೇಲೆ ಯಾರೂ ನಂಬುವುದಿಲ್ಲ.

ಈಗ ಲೆಕ್ಕಕ್ಕೆ ಬಾ. ಅನರ್ಹರು 14 ಜನ ಎಂದಿದ್ದೀಯ. ಈ 14 ಬಾಯಿಮಾತಿನದೋ, ರಸೀದಿಗೆ ತಾಳೆ ನೋಡಿದ್ದೋ? ಎಷ್ಟು ತಿಂಗಳು ಬಾಕಿ ಇದ್ದರೆ ಓಟಿನ ಹಕ್ಕು ಹೋಗುತ್ತದೆ, ಯಾವ ತಾರೀಖಿನೊಳಗೆ ಕಟ್ಟಿರಬೇಕು ಎಂದು ನಿಮ್ಮ ಬೈಲಾ ಏನು ಹೇಳುತ್ತದೆ ನೋಡು. ತಾರೀಖನ್ನೇ ಹಾಕಿರದಿದ್ದರೆ, ಚುನಾವಣೆಯ ಹಿಂದಿನ ರಾತ್ರಿ ಒಬ್ಬನೇ ಕೂತು ನಲವತ್ತು ಜನರ ಬಾಕಿ ಕಟ್ಟಿ ಒಂದೇ ಶಾಯಿಯಲ್ಲಿ ಸಾಲಾಗಿ ರಸೀದಿ ಹರಿಸಿದ್ದರೂ ಅದು ಹೊಲಸು ರಾಜಕೀಯ ಆದೀತು, ನಿಯಮ ಮುರಿದಂತೆ ಆಗುವುದಿಲ್ಲ. ಅದಕ್ಕೆ ಮದ್ದು ಬೈಲಾ ತಿದ್ದುಪಡಿ. ತಾರೀಖು ಇದ್ದರೆ ಹೆಸರು, ಸದಸ್ಯ ಸಂಖ್ಯೆ, ಕೊನೆಯ ರಸೀದಿಯ ನಂಬರು ಮತ್ತು ದಿನಾಂಕ, ಓಟು ಹಾಕಿದ ಸಹಿ ಇಷ್ಟನ್ನೂ ಒಂದೊಂದು ಸಾಲಿನಲ್ಲಿ ಬರೆ. ನಿನ್ನ ಕಡೆಯ ಬಾಕಿದಾರರನ್ನೂ ಸೇರಿಸು. ನೀನು ಬಿಟ್ಟರೆ ಅವರು ತೆಗೆಯುತ್ತಾರೆ, ಆಗ ಇಡೀ ಪಟ್ಟಿಯ ಮೇಲೆ ಅನುಮಾನ ಬೀಳುತ್ತದೆ.

ಅಂತರ 9 ಇರುವಾಗ ಗಟ್ಟಿಯಾದ ಹೆಸರು 8 ಮಾತ್ರ ಸಿಕ್ಕರೆ ದೂರು ಅಲ್ಲಿಗೇ ನಿಂತಿತು. ಆ ಎಂಟೂ ಓಟು ಎದುರಾಳಿಗೇ ಬಿದ್ದಿದ್ದವು ಎಂದುಕೊಂಡು ಕಳೆದರೂ ಅವನು ಒಂದು ಓಟು ಮುಂದಿರುತ್ತಾನೆ. 9 ಸಿಕ್ಕರೆ ಫಲಿತಾಂಶ ಅಲುಗಾಡುತ್ತದೆ. ಆದರೂ ಗೆದ್ದವನು ನೀನೇ ಎಂದು ಯಾರೂ ಹೇಳಲಾರರು, ಏಕೆಂದರೆ ಗುಪ್ತ ಮತದಾನದಲ್ಲಿ ಆ ಓಟುಗಳು ಯಾರಿಗೆ ಬಿದ್ದವು ಎಂದು ತೋರಿಸುವ ದಾರಿಯಿಲ್ಲ. ಆದ್ದರಿಂದ 'ನನ್ನನ್ನೇ ಕಾರ್ಯದರ್ಶಿ ಎಂದು ಘೋಷಿಸಿ' ಅಂತ ಕೇಳಬೇಡ. ಆ ಒಂದು ಸ್ಥಾನಕ್ಕೆ, ಒಪ್ಪಿದ ಪಟ್ಟಿಯ ಮೇಲೆ, ಮರುಮತದಾನ ಕೇಳು. ಇಡೀ ಚುನಾವಣೆ ರದ್ದಾಗಲಿ ಎಂದರೆ ಬೇರೆ ಸ್ಥಾನಗಳಲ್ಲಿ ಗೆದ್ದ ನಿನ್ನವರೇ ನಿನಗೆ ಎದುರಾಗುತ್ತಾರೆ.

ಇನ್ನೊಂದು ಪ್ರಶ್ನೆಗೂ ಉತ್ತರ ಸಿದ್ಧವಿರಲಿ. ಕರಡು ಪಟ್ಟಿಯನ್ನು ಬೋರ್ಡಿಗೆ ಅಂಟಿಸಿದಾಗ ಆಕ್ಷೇಪಣೆ ಕೊಟ್ಟಿದ್ದಿರಾ? ಎಣಿಕೆ ಹಾಳೆಗೆ ನಿಮ್ಮ ಏಜೆಂಟ್ ಸಹಿ ಹಾಕುವಾಗ ಒಂದು ಸಾಲಾದರೂ ಬರೆದನೇ? ಸುಮ್ಮನೆ ಸಹಿ ಹಾಕಿದ್ದರೆ ನಿನ್ನ ಕೇಸು ಅರ್ಧ ಸೊರಗಿದಂತೆ.

ಅಧ್ಯಕ್ಷರು ವಕೀಲರು, ಮೂಟೆ ಹೊತ್ತವರಲ್ಲ ಎಂಬ ದೂರನ್ನು ಕೈಬಿಡು. ಅಸಂಘಟಿತ ಕಾರ್ಮಿಕರ ಸಂಘದಲ್ಲಿ ಪದಾಧಿಕಾರಿಗಳ ಪೈಕಿ ಕನಿಷ್ಠ ಅರ್ಧದಷ್ಟು ಜನ ಆ ಕಸುಬಿನವರಾಗಿರಬೇಕು ಎನ್ನುತ್ತದೆ ಕಾನೂನು, ಉಳಿದವರು ಹೊರಗಿನವರಾದರೆ ತಪ್ಪಿಲ್ಲ. ತಲೆ ಎಣಿಸಿ ನೋಡು, ಅರ್ಧಕ್ಕಿಂತ ಕಡಿಮೆ ಇದ್ದರೆ ಆಗ ಮಾತಾಡೋಣ.

ದೂರನ್ನು ಮೊದಲು ಚುನಾವಣಾಧಿಕಾರಿಗೂ ಕಾರ್ಯಕಾರಿ ಸಮಿತಿಗೂ ಬರಹದಲ್ಲಿ ಕೊಡು. ಬೈಲಾದಲ್ಲಿ ಗಡುವಿದ್ದರೆ ಅದರೊಳಗೇ ಕೊಟ್ಟು ಸ್ವೀಕೃತಿ ಪಡೆ. ಅವರು ಮುಟ್ಟದಿದ್ದರೆ ರಿಜಿಸ್ಟರ್ಡ್ ಪೋಸ್ಟ್ ಹಾಕು. ಆಮೇಲೆ ಮೂವರ ಪಂಚಾಯ್ತಿಗೆ ಒಪ್ಪಿಸಲು ಯತ್ನಿಸು: ನಿಮ್ಮ ಕಡೆ ಒಬ್ಬರು, ಅವರ ಕಡೆ ಒಬ್ಬರು, ಇಬ್ಬರೂ ಒಪ್ಪಿದ ಮೂರನೆಯವರು. ಊರಿನ ಬೇರೆ ಯೂನಿಯನ್ನಿನ ಹಿರಿಯರೋ ನಿವೃತ್ತ ಬ್ಯಾಂಕ್ ನೌಕರರೋ ಆದೀತು. ಹತ್ತಿ ಗಿರಣಿಗಳ ಕಾಲದಿಂದ ಯೂನಿಯನ್ ಕಂಡ ಊರು ನಿಮ್ಮದು, ಅಂಥವರಿಗೆ ಬರವಿಲ್ಲ. ದಲಾಲಿ ಅಂಗಡಿಯವರು ಮಾತ್ರ ಬೇಡವೇ ಬೇಡ. ನಿಮ್ಮ ಜಗಳ ಬಗೆಹರಿಸಿದವನ ಎದುರೇ ನಾಳೆ ಹಮಾಲಿ ದರ ಕೇಳಲು ಕೂರಬೇಕಾಗುತ್ತದೆ. ಯಾವ ಪ್ರಶ್ನೆ ತೀರ್ಮಾನಿಸಬೇಕು, ಯಾವ ದಾಖಲೆ ನೋಡಬೇಕು, ಎಂದಿನೊಳಗೆ ಮುಗಿಸಬೇಕು, ತೀರ್ಮಾನಕ್ಕೆ ಇಬ್ಬರೂ ಬದ್ಧರು ಎಂಬುದನ್ನು ವಿಚಾರಣೆಗೆ ಮೊದಲೇ ಬರೆದು ಸಹಿ ಮಾಡಿಸು. ತೀರ್ಮಾನ ಬಂದ ಮೇಲೆ ಸೋತವನು ಸಹಿ ಹಾಕುವುದಿಲ್ಲ.

ಕಾರ್ಮಿಕ ಇಲಾಖೆಗೆ ಎರಡೂ ಗುಂಪು ಓಡಿ ಎರಡು ಪದಾಧಿಕಾರಿ ಪಟ್ಟಿ ಕೊಡುವುದು ಎಲ್ಲೆಡೆ ನಡೆಯುವ ಪೆದ್ದುತನ. ಸಂಘದ ನೋಂದಣಾಧಿಕಾರಿ ಬದಲಾವಣೆಯನ್ನು ದಾಖಲಿಸಿಕೊಳ್ಳುವವರು, ಗೆದ್ದವರು ಯಾರೆಂದು ತೀರ್ಪು ಕೊಡುವವರಲ್ಲ. ಅಲ್ಲಿ ಹೆಸರು ಏರಿದ ಮಾತ್ರಕ್ಕೆ ಗೆದ್ದಂತಲ್ಲ. ವಿವಾದ ಇದೆ ಎಂದು ಪಟ್ಟಿ ಸಮೇತ ಒಂದು ಪತ್ರ ಕೊಟ್ಟಿಟ್ಟರೆ ಸಾಕು.

ನ್ಯಾಯಾಲಯದ ವಿಷಯ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಕಾಲದಲ್ಲಿ ಇಂಥ ತಕರಾರು ಸಾಮಾನ್ಯವಾಗಿ ಸಿವಿಲ್ ಕೋರ್ಟಿಗೆ ಹೋಗುತ್ತಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 22ನೇ ಕಲಮಿನ ಪ್ರಕಾರ ಪದಾಧಿಕಾರಿಗಳ ಚುನಾವಣೆಯ ಬಗ್ಗೆ ಸದಸ್ಯರಿಗೂ ಸಂಘಕ್ಕೂ ವಿವಾದವಾದರೆ ಸಂಘದ ನೋಂದಾಯಿತ ಕಚೇರಿ ಇರುವ ಪ್ರದೇಶದ ಟ್ರಿಬ್ಯೂನಲ್‌ಗೆ, ಅಂದರೆ ಕೈಗಾರಿಕಾ ನ್ಯಾಯಮಂಡಳಿಗೆ, ಅರ್ಜಿ ಹಾಕಬೇಕು, ಸಿವಿಲ್ ಕೋರ್ಟು ಅದನ್ನು ತೆಗೆದುಕೊಳ್ಳುವಂತಿಲ್ಲ. ಹಳೆ ರೂಢಿಯಲ್ಲಿ ಸಿವಿಲ್ ದಾವೆ ಹಾಕೋಣ ಎನ್ನುವ ವಕೀಲರಿಗೆ ಫೀಸು ಕೊಡುವ ಮುಂಚೆ ಈ ಕಲಮು ತೋರಿಸು. ಅಲ್ಲಿಯೂ ತೀರ್ಪು ಬರುವ ಹೊತ್ತಿಗೆ ಈ ಸಮಿತಿಯ ಅವಧಿಯೇ ಮುಗಿದಿರಬಹುದು. ಅದಕ್ಕೇ ಪಂಚಾಯ್ತಿ ಮೊದಲು ಎಂದದ್ದು.

ಬ್ಯಾಂಕಿಗೆ 'ಖಾತೆ ನಿಲ್ಲಿಸಿ' ಎಂದು ಪತ್ರ ಬರೆಯುವ ಆತುರ ಬೇಡ. ಇಬ್ಬರೂ ಬರೆದರೆ ಬ್ಯಾಂಕು ಕೈ ತೊಳೆದುಕೊಂಡು ಖಾತೆ ನಿಲ್ಲಿಸಿಬಿಡುತ್ತದೆ. ಮೂಟೆ ಬಿದ್ದು ಸೊಂಟ ಮುರಿದುಕೊಂಡವನಿಗೆ ಸಂಘದಿಂದ ಸಹಾಯಧನ ಸಿಗುವುದಿಲ್ಲ, ಕಚೇರಿ ಬಾಡಿಗೆ ನಿಲ್ಲುತ್ತದೆ. ಬದಲಿಗೆ ತೀರ್ಮಾನದವರೆಗೆ ಎರಡೂ ಕಡೆಯ ಒಬ್ಬೊಬ್ಬರ ಜಂಟಿ ಸಹಿ ಎಂದು ಒಪ್ಪಂದ ಮಾಡಿಕೊಳ್ಳಿ. ಬಾಡಿಗೆ, ಕರೆಂಟು ಬಿಲ್ಲು, ವೈದ್ಯಕೀಯ ಮತ್ತು ಮರಣ ಪರಿಹಾರ, ನಡೆಯುತ್ತಿರುವ ಕೇಸಿನ ಖರ್ಚು ಇಷ್ಟಕ್ಕೇ ಚೆಕ್ಕು. ಹಮಾಲಿ ದರದ ಮಾತುಕತೆಗೂ ಹೀಗೇ ಜಂಟಿಯಾಗಿ ಹೋಗಿ. ಇಲ್ಲದಿದ್ದರೆ ದಲಾಲರು 'ನಿಮ್ಮಲ್ಲಿ ಯಾರು ನಿಜವಾದ ಕಾರ್ಯದರ್ಶಿ, ತೀರ್ಮಾನ ಮಾಡಿಕೊಂಡು ಬನ್ನಿ' ಅಂತ ಒಂದು ಹಂಗಾಮು ತಳ್ಳಿಬಿಡುತ್ತಾರೆ.

ಮರುಮತದಾನವಾದರೆ ಮತಪತ್ರಕ್ಕೆ ಚಿಹ್ನೆ ಇರಲಿ, ಓದಲು ಬಾರದವರಿದ್ದಾರೆ. ಕ್ರಮಸಂಖ್ಯೆ ಕೌಂಟರ್‌ಫಾಯಿಲಿನ ಮೇಲೆ ಮಾತ್ರ, ಮತಪತ್ರದ ಮೇಲೆ ಬಂದರೆ ಗುಟ್ಟು ಉಳಿಯುವುದಿಲ್ಲ. ಅಚ್ಚಾದವು ಎಷ್ಟು, ಕೊಟ್ಟವು, ಕೆಟ್ಟವು, ಉಳಿದವು ಎಷ್ಟು ಎಂಬ ಲೆಕ್ಕ ಪೆಟ್ಟಿಗೆ ತೆರೆಯುವ ಮುಂಚೆಯೇ ಕೂಡಬೇಕು. ಸಮಬಲ ಬಂದರೆ ಚೀಟಿ ಎತ್ತುವುದೋ ಮತ್ತೆ ಮತದಾನವೋ, ಅದನ್ನೂ ಮೊದಲೇ ಬರೆದಿಡಿ.

ಬೈಲಾದ ಜೆರಾಕ್ಸ್ ಮತ್ತು ಆ ಹೆಸರುಗಳ ಪಟ್ಟಿ ಕಳಿಸು, ವಕೀಲರ ಹತ್ತಿರ ಹೋಗುವ ಮುಂಚೆ ಒಮ್ಮೆ ನೋಡುತ್ತೇನೆ. ಅಕ್ಕನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಸೋದರಮಾವ